ತೊಂಬತ್ತಾರು ಸಲ ಅರ್ಧವಾಗುವ ಸಂಖ್ಯೆ



ಈ ಸಲ ಒಂದು ಸಂಖ್ಯೆಯ ಪರವಾಗಿ ವಕಾಲತ್ತು ವಹಿಸಲು ಕುಳಿತಿದ್ದೇನೆ. ಸಂಖ್ಯೆ ಇದು: 79,22,81,62,51,42,64,33,75,93,54,39,50,336. ಒಟ್ಟು ಇಪ್ಪತ್ತೊಂಬತ್ತು ಅಂಕಿಗಳು. ಬಾಯಲ್ಲಿ ಹೇಳಬೇಕಾದರೆ ಸುಮಾರು ಏಳು ಕೋಟಿ ತೊಂಬತ್ತೆರಡು ಲಕ್ಷ ಕೋಟಿ ಕೋಟಿ ಕೋಟಿ ಎನ್ನಬೇಕು. ಇದು ಹಾಸನ ಜಿಲ್ಲೆಗೆ ಸೇರಿದ ಆಸ್ತಿ ಎಂದರೆ ನೀವು ನಗಬಹುದು. ಆದರೆ ಬೇಲೂರು ಹಳೇಬೀಡುಗಳ ಶಿಲ್ಪದಷ್ಟೇ ನಮ್ಮದಾದ ಈ ಆಸ್ತಿಯನ್ನು ನಮ್ಮ ಶಾಲೆಗಳು ಮಕ್ಕಳ ಕೈಗೆ ಕೊಡುತ್ತಿಲ್ಲ, ಕೊಡಬೇಕು ಎಂಬುದು ನನ್ನ ವಾದ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಶಾಲಾ ಪ್ರವಾಸ ಹೋಗದ ಮಗು ನಮ್ಮ ಜಿಲ್ಲೆಯಲ್ಲಿ ಅಪರೂಪ. ವಿಂಧ್ಯಗಿರಿಯ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ, ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಕತ್ತೆತ್ತಿ ನೋಡಿ, ಕೆಳಗಿಳಿದು ಚಿತ್ರಾನ್ನ ತಿಂದು ಮಕ್ಕಳು ಮರಳುತ್ತಾರೆ. ಮೂರ್ತಿಯನ್ನು ಸುಮಾರು ಕ್ರಿ.ಶ. 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಅವರು ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡ ಎಂಬ ಭಾಗದಲ್ಲಿ ಈ ಇಪ್ಪತ್ತೊಂಬತ್ತು ಅಂಕಿಗಳೂ ಒಂದೇ ಒಂದು ಪದ್ಯದೊಳಗೆ ಅಡಗಿ ಕುಳಿತಿವೆ. ಸಂಖ್ಯೆಯ ಕಲ್ಪನೆ ಇನ್ನೂ ಹಳೆಯದು. ಅನುಯೋಗದ್ವಾರ ಸೂತ್ರವೆಂಬ ಪ್ರಾಚೀನ ಜೈನ ಗ್ರಂಥದಲ್ಲಿಯೇ ಇದರ ವಿವರಣೆ ಬರುತ್ತದೆ. ನೇಮಿಚಂದ್ರರ ಕೃತಿಗೆ ಕೇಶವವರ್ಣಿ ಎಂಬ ವಿದ್ವಾಂಸರು 1359ರಲ್ಲಿ ಕನ್ನಡದಲ್ಲಿಯೇ ಟೀಕೆ ಬರೆದರು.

ಪದ್ಯದೊಳಗೆ ಅಂಕಿ ಅಡಗುವುದು ಹೇಗೆ? ಅದಕ್ಕೆ ಕಟಪಯಾದಿ ಎಂಬ ಪದ್ಧತಿಯಿದೆ. ಕ ದಿಂದ ಝ ವರೆಗಿನ ಒಂಬತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9. ಟ ದಿಂದ ಧ ವರೆಗೆ ಮತ್ತೆ 1ರಿಂದ 9. ಪ ದಿಂದ ಮ ವರೆಗೆ 1ರಿಂದ 5. ಯ, ರ, ಲ, ವ, ಶ, ಷ, ಸ, ಹ, ಳ ಗಳಿಗೆ 1ರಿಂದ 9. ಞ, ನ ಮತ್ತು ಒಂಟಿಯಾಗಿ ನಿಂತ ಸ್ವರಗಳಿಗೆ ಸೊನ್ನೆ. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಮೇಚಕಲ್ಯಾಣಿಯ ಮೊದಲೆರಡು ಅಕ್ಷರ ಮ, ಚ. ಅಂದರೆ 5, 6. ತಿರುಗಿಸಿದರೆ 65ನೆಯ ಮೇಳ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಸಂಗೀತಗಾರರ ಊರಿನಲ್ಲಿ ಇದನ್ನು ಹೇಳಿಕೊಡುವ ಮನೆಗಳಿವೆ.

ನಮ್ಮ ಊರುಗಳನ್ನೇ ಇದರಲ್ಲಿ ಓದಿ ನೋಡಿ. ಹಾಸನ ಎಂದರೆ 8, 7, 0. ಬಲದಿಂದ ಓದಿದರೆ 78. ಅರಕಲಗೂಡು 3,33,120. ಹೊಳೆನರಸೀಪುರ 21,72,098. ಚನ್ನರಾಯಪಟ್ಟಣ 51,11,206. ನಾನು ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ತಮ್ಮ ಹೆಸರು, ಅಪ್ಪನ ಹೆಸರು, ಕಡೆಗೆ ಹೆಡ್‌ಮಾಸ್ಟರ ಹೆಸರನ್ನೂ ಸಂಖ್ಯೆಯಾಗಿಸಿ ಜಗಳಾಡಿದ್ದುಂಟು. ಆದರೆ ಪೂರ್ವಿಕರು ಆಟಕ್ಕಾಗಿ ಇದನ್ನು ಮಾಡಲಿಲ್ಲ. ತಾಳೆಗರಿಯಿಂದ ತಾಳೆಗರಿಗೆ ನಕಲಾಗುವಾಗ ಅಂಕಿ ಬಿಟ್ಟುಹೋಗುವ ಭಯವಿತ್ತು. ಪದ್ಯದಲ್ಲಿ ಒಂದಕ್ಷರ ಬಿಟ್ಟರೆ ಛಂದಸ್ಸು ಮುಗ್ಗರಿಸುತ್ತದೆ, ಓದುವವನ ಕಿವಿಗೆ ತಿಳಿಯುತ್ತದೆ. ಸಂಖ್ಯೆಗೆ ಛಂದಸ್ಸನ್ನು ಕಾವಲಿಟ್ಟ ಬುದ್ಧಿ ಅದು.

ಇನ್ನು ಸಂಖ್ಯೆಯ ಒಡಲಿಗೆ ಬರೋಣ. ಇದು ಎರಡನ್ನು ತೊಂಬತ್ತಾರು ಸಲ ಬರೆದು ಗುಣಿಸಿದ ಫಲ, ಅಂದರೆ 2ರ 96ನೆಯ ಘಾತ. ತಿರುಗಿಸಿ ಹೇಳಿದರೆ, ಅರ್ಧ ಮಾಡುತ್ತಾ ಹೋದರೆ ತೊಂಬತ್ತಾರನೆಯ ಸಲಕ್ಕೆ ಸರಿಯಾಗಿ ಒಂದು ಉಳಿಯುವ ಸಂಖ್ಯೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೋ ಆ ಎಣಿಕೆಗೆ ಜೈನ ಗಣಿತಜ್ಞರು ‘ಅರ್ಧಚ್ಛೇದ’ ಎಂದು ಹೆಸರಿಟ್ಟಿದ್ದರು. ಕಾಲೇಜಿನಲ್ಲಿ ನೀವು ಲಾಗರಿದಮ್ ಎಂದು ಕಲಿತದ್ದರ, ಎರಡನ್ನು ಆಧಾರವಾಗಿಟ್ಟ ರೂಪವೇ ಅದು.

ತೊಂಬತ್ತೈದು ಗುಣಾಕಾರ ಮಾಡಬೇಕೇ ಎಂದು ಹೆದರಬೇಡಿ. ಅವರ ದಾರಿ ಚೊಕ್ಕವಾದುದು. ಎರಡರ ವರ್ಗ 4; ಅದರ ವರ್ಗ 16; ಅದರದು 256; ನಾಲ್ಕನೆಯ ವರ್ಗ 65,536; ಐದನೆಯದು 429,49,67,296; ಆರನೆಯದು ಇಪ್ಪತ್ತಂಕಿಯ 18446744073709551616. ಕಡೆಯ ಮೂರಕ್ಕೆ ಅವರು ಪ್ರಾಕೃತದಲ್ಲಿ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂದು ಹೆಸರಿಟ್ಟರು. 65, 42, 18 ಎಂಬ ಮೊದಲ ಅಂಕಿಗಳೇ ಹೆಸರಿನ ಮೂಲ. ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದರೆ ನಮ್ಮ ಸಂಖ್ಯೆ ಸಿದ್ಧ. ಏಕೆಂದರೆ ಐದನೆಯದರಲ್ಲಿ 32 ಎರಡುಗಳು, ಆರನೆಯದರಲ್ಲಿ 64, ಕೂಡಿದರೆ 96. ಆರು ವರ್ಗ, ಒಂದು ಗುಣಾಕಾರ, ಏಳೇ ಹೆಜ್ಜೆ! ಇಂದು ಬ್ಯಾಂಕಿನ ವ್ಯವಹಾರವನ್ನು ಗುಪ್ತವಾಗಿಡುವ ಗಣಕಯಂತ್ರಗಳು ದೊಡ್ಡ ಘಾತಗಳನ್ನು ಲೆಕ್ಕ ಹಾಕುವಾಗ ಹಿಡಿಯುವುದೂ ಈ ವರ್ಗದಿಂದ ವರ್ಗಕ್ಕೆ ಜಿಗಿಯುವ ದಾರಿಯನ್ನೇ. ಬೆಂಗಳೂರಿನಲ್ಲೂ ಅಮೆರಿಕದಲ್ಲೂ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಶಿಷ್ಯರು ಬಾದಾಲವನ್ನು ಕಂಡೊಡನೆ ಗುರುತಿಸಿರಬೇಕು. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಸಾಧ್ಯವಿದ್ದ ಒಟ್ಟು ವಿಳಾಸಗಳು ನಿಖರವಾಗಿ ಅಷ್ಟೇ, ಮತ್ತು ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು.

ಗುಣಾಕಾರ ಮಾಡದೆಯೇ ಈ ಸಂಖ್ಯೆಯ ಬಗ್ಗೆ ಎಷ್ಟೊಂದು ಹೇಳಬಹುದು ನೋಡಿ. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕರ ಸುತ್ತು ಸುತ್ತುತ್ತದೆ. 96 ನಾಲ್ಕರಿಂದ ಭಾಗವಾಗುವುದರಿಂದ ಕೊನೆಯ ಅಂಕಿ 6 ಆಗಲೇಬೇಕು. ಎಷ್ಟು ಅಂಕಿಗಳಿರುತ್ತವೆ? ಎರಡರ ಹತ್ತನೆಯ ಘಾತ 1024, ಹೆಚ್ಚುಕಡಿಮೆ ಸಾವಿರ. 96ರಲ್ಲಿ ಒಂಬತ್ತು ಹತ್ತುಗಳು ಮತ್ತು ಒಂದು ಆರು. ಹಾಗಾಗಿ 64ರ ಮುಂದೆ ಇಪ್ಪತ್ತೇಳು ಸೊನ್ನೆ, ಒಟ್ಟು ಇಪ್ಪತ್ತೊಂಬತ್ತು ಸ್ಥಾನ. ಸಾವಿರಕ್ಕೂ 1024ಕ್ಕೂ ಇರುವ ವ್ಯತ್ಯಾಸ ನೂರಕ್ಕೆ 2.4, ಅದನ್ನು ಒಂಬತ್ತು ಸಲ ಚಕ್ರಬಡ್ಡಿಯಂತೆ ಸೇರಿಸಿದರೆ 64 ಬೆಳೆದು 79 ಆಗುತ್ತದೆ. ಸಂಖ್ಯೆಯ ತಲೆಯೂ ಬಾಲವೂ ಸಿಕ್ಕಿಬಿಟ್ಟವು!

ಒಂಬತ್ತರಿಂದ ಭಾಗಿಸಿದರೆ ಎರಡರ ಘಾತಗಳ ಶೇಷ 2, 4, 8, 7, 5, 1 ಎಂದು ಆರರ ಸುತ್ತಿನಲ್ಲಿ ಬರುತ್ತದೆ. 96 ಎಂದರೆ ಹದಿನಾರು ಆರುಗಳು, ಆದ್ದರಿಂದ ಶೇಷ 1. ನಮ್ಮ ಇಪ್ಪತ್ತೊಂಬತ್ತು ಅಂಕಿಗಳನ್ನು ಕೂಡಿಸಿ ನೋಡಿ, 127 ಬರುತ್ತದೆ; 1, 2, 7 ಕೂಡಿದರೆ 10; ಮತ್ತೆ ಕೂಡಿದರೆ 1. ತಾಳೆಯಾಯಿತು. ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಂದರಿಂದ ಹಿಡಿದು ಅದೇ ಸಂಖ್ಯೆಯವರೆಗೆ ತೊಂಬತ್ತೇಳೇ ತೊಂಬತ್ತೇಳು. ಒಂದನ್ನು ಬಿಟ್ಟರೆ ಉಳಿದವೆಲ್ಲ ಸಮ. ಆ 97 ಒಂದು ಅವಿಭಾಜ್ಯ ಸಂಖ್ಯೆ. ಫ್ರಾನ್ಸಿನ ಫರ್ಮಾ 1640ರಲ್ಲಿ ತಿಳಿಸಿದ ಪ್ರಮೇಯದಂತೆ ನಮ್ಮ ಸಂಖ್ಯೆಯನ್ನು 97ರಿಂದ ಭಾಗಿಸಿದರೂ ಶೇಷ ಒಂದೇ!

ಹೊಳೆನರಸೀಪುರದಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಒಂಬತ್ತನೆಯ ತರಗತಿಗೆ ಈ ಗುಣಾಕಾರವನ್ನು ಕೊಟ್ಟಿದ್ದೆ. ಹೇಮಾವತಿಯಲ್ಲಿ ನೀರು ತುಂಬಿ ಹರಿಯುತ್ತಿದ್ದ ಮಳೆಗಾಲ. ಆಟದ ಪೀರಿಯಡ್ಡಿಗೆ ಹೊರಗೆ ಬಿಡುವಂತಿರಲಿಲ್ಲ. ಹುಡುಗರು ಹಳೆಯ ಉತ್ತರಪತ್ರಿಕೆಗಳ ಹಿಂಬದಿಯನ್ನು ಅಂಟಿಸಿ ಒಂದು ದೊಡ್ಡ ಹಾಳೆ ಮಾಡಿ, ಗುಂಪಾಗಿ ಬಾಗಿ ಕುಳಿತು, ಎರಡು ದಿನದಲ್ಲಿ ಉತ್ತರ ತಂದರು. ಮುಂದಿನ ಬೆಂಚಿನ ಜಾಣರ ಕೆಲಸವದು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಗಣಿತದಲ್ಲಿ ಮೂವತ್ತೈದರ ಗಡಿ ದಾಟಲು ಹೆಣಗುತ್ತಿದ್ದ ಒಬ್ಬ ಹುಡುಗಿ ಅಂಕಿಗಳನ್ನು ಸುಮ್ಮನೆ ಕೂಡಿಸುತ್ತಾ ಕುಳಿತಿದ್ದಳು. “ಸಾರ್, ಐದನೇದರಲ್ಲಿ ಶೇಷ 4, ಆರನೇದರಲ್ಲಿ 7. ಗುಣಿಸಿದರೆ 28, ಅಂದ್ರೆ 1 ಬರಬೇಕು. ಇವರದು 4 ಬಂದಿದೆ. ಎಲ್ಲೋ ಮೂರು ಹೆಚ್ಚಾಗಿದೆ ಸಾರ್” ಎಂದಳು. ಹುಡುಕಿದರೆ ನಿಜ. ಒಂದು ಕಂಬಸಾಲಿನಲ್ಲಿ ಕೈಯಲ್ಲಿದ್ದ ಮೂರನ್ನು ಎರಡು ಸಲ ಸೇರಿಸಿದ್ದರು. ಆ ದಿನದವರೆಗೆ ಆಕೆ ತನಗೆ ಗಣಿತ ಬರುವುದಿಲ್ಲವೆಂದು ನಂಬಿದ್ದಳು. ಅವಳಿಗೆ ಬಾರದಿದ್ದುದು ವೇಗವೊಂದೇ. ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆಂದು ಕೇಳಿ ಸಂತೋಷವಾಯಿತು.

ಈ ವಿಷಯದಲ್ಲಿ ನನಗೆ ಇಷ್ಟೊಂದು ಹಟವೇಕೆ ಎಂದು ಕೇಳುವವರಿಗೆ ಇನ್ನೊಬ್ಬ ಶಿಷ್ಯನ ಕಥೆ ಹೇಳಬೇಕು. ಅರಕಲಗೂಡು ಕಡೆಯವನು, ತಂಬಾಕು ಬೆಳೆಗಾರನ ಮಗ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಳ್ಳೆಯ ಅಂಕ ಪಡೆದಿದ್ದ. ಘಾತಾಂಕಗಳ ನಿಯಮಗಳನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಇಬ್ಬರನ್ನು ಸೇರಿಸಿದರೆ ಸಾಕಂತೆ, ಆ ಇಬ್ಬರು ಮತ್ತಿಬ್ಬಿಬ್ಬರನ್ನು ಸೇರಿಸುತ್ತಾರೆ, ವರ್ಷದಲ್ಲಿ ಹಣ ನಾಲ್ಕು ಪಟ್ಟು” ಎಂದು ಚೈನ್ ಸ್ಕೀಮೊಂದರ ಕಾಗದ ತೋರಿಸಿದ. ಅಷ್ಟರಲ್ಲಿ ಹೆಂಡತಿಯ ಒಡವೆ ಅಡವಿಟ್ಟು ಹಣ ಕಟ್ಟಿಯಾಗಿತ್ತು. ಹರಾಜು ಕಟ್ಟೆಯಿಂದ ಬಂದ ತಂಬಾಕಿನ ದುಡ್ಡೂ ಅದರಲ್ಲಿ ಸೇರಿತ್ತು. ಅದು ಮರಳಿ ಬರಲಿಲ್ಲವೆಂದು ನಾನು ಹೇಳಬೇಕಾಗಿಲ್ಲ.

ಆ ಕಾಗದದ ಲೆಕ್ಕವನ್ನು ಮಾಡಿ ನೋಡೋಣ. ಮೊದಲು ಒಬ್ಬ, ಅವನ ಕೆಳಗೆ ಇಬ್ಬರು, ಅವರ ಕೆಳಗೆ ನಾಲ್ವರು. ಇಪ್ಪತ್ತನೆಯ ದುಪ್ಪಟ್ಟಿನ ಸಾಲಿನಲ್ಲಿ 10,48,576 ಜನ ಬೇಕು. ಮೇಲಿನವರೆಲ್ಲ ಸೇರಿ 20,97,151. 2011ರ ಜನಗಣತಿಯಂತೆ ನಮ್ಮ ಹಾಸನ ಜಿಲ್ಲೆಯ ಒಟ್ಟು ಜನಸಂಖ್ಯೆ ಸುಮಾರು 17.76 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕರವರೆಗೆ ಎಲ್ಲರನ್ನೂ ಸೇರಿಸಿದರೂ ಇಪ್ಪತ್ತನೆಯ ಸಾಲು ತುಂಬುವುದಿಲ್ಲ. 33ನೆಯ ಸಾಲಿಗೆ 858 ಕೋಟಿಗೂ ಮಿಕ್ಕಿ ಜನ ಬೇಕು. 2022ರಲ್ಲಿ ಇಡೀ ಪ್ರಪಂಚದ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಹೇಳಿತು. ಇನ್ನೊಂದು ಕ್ರೂರ ಸತ್ಯವೂ ಇದೆ. ದುಪ್ಪಟ್ಟಾಗುವ ಸಾಲುಗಳಲ್ಲಿ ಕೊನೆಯ ಸಾಲು ಯಾವಾಗಲೂ ಅದರ ಮೇಲಿನ ಎಲ್ಲ ಸಾಲುಗಳ ಮೊತ್ತಕ್ಕಿಂತ ಒಂದು ಹೆಚ್ಚು. ಅಂದರೆ ಆಟ ಎಂದು ನಿಂತರೂ ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟವರೇ, ಪಡೆದವರಲ್ಲ. ಇಂಥ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಶಾಸನ 1978ರಿಂದಲೇ ಇದೆ. ಆದರೆ ಕಾನೂನು ಬರುವುದು ಹಣ ಹೋದ ಮೇಲೆ. ಲೆಕ್ಕವಾದರೆ ಮೊದಲೇ ಬರುತ್ತದೆ. ಎರಡು, ನಾಲ್ಕು, ಎಂಟು ಎಂಬುದು ಎಷ್ಟು ಬೇಗ ಮನುಷ್ಯಲೋಕವನ್ನು ಮೀರುತ್ತದೆಂಬುದನ್ನು ಒಮ್ಮೆ ಕೈಯಾರೆ ಬರೆದು ಕಂಡ ಮಗುವಿಗೆ ಆ ಕಾಗದ ಮೋಸವೆಂದು ಹೊಳೆಯದೆ ಇರುತ್ತಿತ್ತೇ?

ಹಿಮ್ಮುಖದ ಲೆಕ್ಕವೂ ಅಷ್ಟೇ ಮುಖ್ಯ. ನಾಲ್ಕು ಎಕರೆ ಅಂದರೆ 160 ಗುಂಟೆ. ತಲೆಮಾರಿಗೊಮ್ಮೆ ಇಬ್ಬರಿಗೆ ಹಂಚಿದರೆ 80, 40, 20, 10, 5. ಐದನೆಯ ಅರ್ಧಚ್ಛೇದಕ್ಕೆ ಒಬ್ಬನ ಪಾಲಿಗೆ ಐದು ಗುಂಟೆ. ನಮ್ಮ ತಾಲ್ಲೂಕುಗಳ ಅನೇಕ ಕುಟುಂಬಗಳ ಚರಿತ್ರೆ ಈ ಐದು ಸಂಖ್ಯೆಗಳಲ್ಲಿದೆ.

ಇಷ್ಟು ಹೇಳಿದ ಮೇಲೆ ಎರಡು ಬಗೆಯ ಮಂದಿಯೊಡನೆ ನನಗೆ ತಕರಾರಿದೆ. ಮೊದಲನೆಯವರು, “ನಮ್ಮವರಿಗೆ ಎಲ್ಲವೂ ಗೊತ್ತಿತ್ತು” ಎಂದು ಎದೆ ತಟ್ಟುವವರು. ಇವರ ಕೈಗೆ ಈ ಸಂಖ್ಯೆ ಸಿಕ್ಕಿದರೆ ಮೊಬೈಲಿನಲ್ಲಿ ಪವಾಡವಾಗಿ ಹರಡುತ್ತದೆ. ಅದರ ಕೊನೆಯ ಅಂಕಿ ಆರೇ ಏಕೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಎರಡನೆಯವರು ತಿರಸ್ಕಾರದವರು. ಗೊಮ್ಮಟಸಾರದಲ್ಲಿ ಈ ಸಂಖ್ಯೆ ಮನುಷ್ಯರ ಪ್ರಮಾಣವನ್ನು ಹೇಳಲು ಬರುತ್ತದೆ. ಅಷ್ಟು ಜನ ಎಲ್ಲಿದ್ದಾರೆ ಎಂದು ಇವರು ನಗುತ್ತಾರೆ. ಅದು ಅವರ ಆಗಮದ ವಿಶಾಲ ಲೋಕವರ್ಣನೆಗೆ ಸೇರಿದ ಮಾತು, ತಹಸೀಲ್ದಾರರ ಜನಗಣತಿಯಲ್ಲ. ಅದನ್ನು ನಂಬುವುದು ಬಿಡುವುದು ಅವರವರ ಶ್ರದ್ಧೆ. ಆದರೆ ಆ ಸಂಖ್ಯೆಯನ್ನು ಕಟ್ಟಿದ ಗುಣಾಕಾರ ಇಪ್ಪತ್ತೊಂಬತ್ತು ಅಂಕಿಗಳಲ್ಲಿ ಒಂದೂ ತಪ್ಪದೆ ಸರಿಯಾಗಿದೆ, ಯಾರು ಬೇಕಾದರೂ ಪರೀಕ್ಷಿಸಬಹುದು. ಸಾವಿರ ವರ್ಷದ ಹಿಂದಿನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅವರ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು.

ಇನ್ನು ಈಗ ತಂದೆತಾಯಿಯರಾಗಿರುವ ನನ್ನ ಶಿಷ್ಯರ ಆಕ್ಷೇಪ ನನಗೆ ಗೊತ್ತು. “ಸಾರ್, ಇದು ಪರೀಕ್ಷೆಗೆ ಬರುವುದಿಲ್ಲವಲ್ಲ, ಮಕ್ಕಳಿಗೆ ಸಮಯವೆಲ್ಲಿದೆ?” ನ್ಯಾಯವಾದ ಪ್ರಶ್ನೆ. ಶಿಕ್ಷಕರ ಮೇಲಿನ ಹೊರೆಯೂ ನನಗೆ ಗೊತ್ತಿಲ್ಲದ್ದಲ್ಲ. ಪಾಠಕ್ಕಿಂತ ಹೆಚ್ಚಾಗಿ ಪಟ್ಟಿಗಳನ್ನು ತುಂಬಿಸುವ ಕಾಲ ಬಂದಿದೆ. ಆದರೂ ಹೇಳುತ್ತೇನೆ. ಅಪವರ್ತನ, ಘಾತಾಂಕ, ವರ್ಗಮೂಲ, ಭಾಗಾಕಾರದ ಶೇಷ, ಅವಿಭಾಜ್ಯ ಸಂಖ್ಯೆ ಇವೆಲ್ಲ ಪಠ್ಯದಲ್ಲಿಯೇ ಇವೆ. ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿ ಬಿದ್ದಿರುವ ಇವುಗಳನ್ನು ಈ ಒಂದು ಸಂಖ್ಯೆ ದಾರದಂತೆ ಪೋಣಿಸುತ್ತದೆ. ಹೊಸ ಪಾಠ ಬೇಕಾಗಿಲ್ಲ, ಒಂದು ವಾರದ ಅಭ್ಯಾಸ ಲೆಕ್ಕಗಳಿಗೆ ಬದಲಾಗಿ ಇದನ್ನು ಕೊಟ್ಟರೆ ಸಾಕು. ಸುಲಭ ಸೂತ್ರಗಳ ಟ್ಯೂಷನ್ನಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುವ ನಾವು, ವೇಗವನ್ನು ಕೊಂಡು ಕಾರಣವನ್ನು ಮಾರುತ್ತಿದ್ದೇವೆ. ವೇಗಕ್ಕೆ ಜೇಬಿನಲ್ಲಿ ಮೊಬೈಲಿದೆ. ಕಾರಣ ಕೇಳುವ ಅಭ್ಯಾಸ ಮಗುವಿನಲ್ಲಿ ತಾನೇ ಬೆಳೆಯಬೇಕು.

ಆದ್ದರಿಂದ ನನ್ನ ಸಲಹೆ ಸರಳ. ಹಾಸನ ಜಿಲ್ಲೆಯ ಶಾಲೆಗಳು ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದಂದು ಭಾಷಣಗಳನ್ನು ಕಡಿಮೆ ಮಾಡಿ ಈ ಗುಣಾಕಾರವನ್ನು ಮಕ್ಕಳಿಂದ ಮಾಡಿಸಲಿ. ಬೆಳಗೊಳಕ್ಕೆ ಪ್ರವಾಸ ಕರೆದೊಯ್ಯುವ ಶಿಕ್ಷಕರು ಬೆಟ್ಟ ಹತ್ತುವ ಮೊದಲು ಮೆಟ್ಟಿಲ ಬುಡದಲ್ಲಿ ಐದು ನಿಮಿಷ ನಿಂತು, ಒಂದನೆಯ ಮೆಟ್ಟಿಲಿಗೆ ಎರಡು ಕಾಳು, ಎರಡನೆಯದಕ್ಕೆ ನಾಲ್ಕು, ಹೀಗೆ ಇಡುತ್ತಾ ಹೋದರೆ ತೊಂಬತ್ತಾರನೆಯ ಮೆಟ್ಟಿಲಲ್ಲಿ ಎಷ್ಟು ಕಾಳು ಎಂದು ಕೇಳಲಿ. ಉತ್ತರ ಬರೆದವರು ಇದೇ ಊರಿನೊಡನೆ ಹೆಸರು ಬೆಸೆದುಕೊಂಡವರೆಂದು ಆಮೇಲೆ ತಿಳಿಸಲಿ. ಮಕ್ಕಳು ಮೂರ್ತಿಯನ್ನು ನೋಡುವ ದೃಷ್ಟಿಯೇ ಬೇರೆಯಾದೀತು.

ಮೇಷ್ಟರ ಚಾಳಿ ಬಿಡುವುದಿಲ್ಲ, ಮನೆಗೆಲಸವೊಂದನ್ನು ಕೊಟ್ಟೇ ಮುಗಿಸುತ್ತೇನೆ. ನಮ್ಮ ಸಂಖ್ಯೆಯನ್ನು 13ರಿಂದ ಭಾಗಿಸಿದರೆ ಶೇಷವೆಷ್ಟು? ಕ್ಯಾಲ್ಕುಲೇಟರ್ ಮುಟ್ಟಕೂಡದು, ಪೂರ್ತಿ ಭಾಗಾಕಾರವನ್ನೂ ಮಾಡಕೂಡದು. ಎರಡರ ಘಾತಗಳು 13ರ ಮುಂದೆ ಎಷ್ಟನೆಯ ಹೆಜ್ಜೆಗೆ ಮತ್ತೆ ಒಂದಕ್ಕೆ ಮರಳುತ್ತವೆಂದು ಮಕ್ಕಳೊಡನೆ ಕುಳಿತು ಹುಡುಕಿ. ಉತ್ತರಕ್ಕೆ ಅರ್ಧ ಅಂಕ, ಕಾರಣಕ್ಕೆ ಉಳಿದರ್ಧ.